ಸ್ಯಾತ್, ಶಾಯದ್, ಪರ್ಹ್ಯಾಪ್ಸ್

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪೇಟೆಗಳು ಬಹುಭಾಷೆಗಳ ಸಂಗಮಸ್ಥಾನಗಳು. ಕನ್ನಡ, ಮರಾಠಿ, ಉರ್ದು, ತೆಲುಗು ಭಾಷೆಗಳು ಇಲ್ಲಿ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತವೆ. ತೊಗರಿಯ ಧಾರಣೆ ಬರುವ ವಾರ ಏರುವುದೇ ಎಂದು ಕೇಳಿದರೆ ಒಬ್ಬನು ‘ಬಹುಶಃ ಏರೀತು’ ಎನ್ನುತ್ತಾನೆ. ಮತ್ತೊಬ್ಬನು ‘ಕದಾಚಿತ್’ ಎನ್ನುತ್ತಾನೆ. ಮೂರನೆಯವನು ‘ಶಾಯದ್’ ಎನ್ನುತ್ತಾನೆ. ಕಾಲೇಜಿನಲ್ಲಿ ಓದಿದ ಮಗನು ‘ಪರ್ಹ್ಯಾಪ್ಸ್’ ಎನ್ನುತ್ತಾನೆ. ನಾಲ್ಕು ಮಾತುಗಳ ಭಾವವೂ ಒಂದೇ: ಹೇಳುವವನಿಗೆ ನಿಶ್ಚಯವಿಲ್ಲ, ತಪ್ಪಿದರೆ ಹೊಣೆಯೂ ಇಲ್ಲ. ವ್ಯವಹಾರದಲ್ಲಿ ಇಂತಹ ಮಾತು ಬೇಕಾದದ್ದೇ. ಆದರೆ ಜೈನಾಚಾರ್ಯರು ಪ್ರತಿಪಾದಿಸಿದ ‘ಸ್ಯಾತ್’ ಎಂಬ ಶಬ್ದವನ್ನೂ ಇದೇ ಸಾಲಿಗೆ ಸೇರಿಸಿ, ಸ್ಯಾದ್ವಾದವೆಂದರೆ ‘ಇರಬಹುದು, ಇಲ್ಲದಿರಬಹುದು’ ಎನ್ನುವ ಸಂಶಯವಾದ ಎಂದು ಅನೇಕರು ಬರೆದಿದ್ದಾರೆ. ಜೈನ ಮನೆಗಳ ಮಕ್ಕಳು ಸಹ ಶಾಲೆ ಕಾಲೇಜುಗಳಲ್ಲಿ ಹಾಗೆಯೇ ಕಲಿತು ಬರುತ್ತಾರೆ. ಆದುದರಿಂದ ಈ ಶಬ್ದಗಳ ಹುಟ್ಟನ್ನೂ ಅರ್ಥವನ್ನೂ ಬಿಡಿಸಿ ನೋಡುವುದು ಅಗತ್ಯ.

ಮೊದಲು ಇಂಗ್ಲಿಷಿನ ‘ಪರ್ಹ್ಯಾಪ್ಸ್’ ಶಬ್ದವನ್ನು ತೆಗೆದುಕೊಳ್ಳೋಣ. ಅದರಲ್ಲಿ ಎರಡು ಭಾಗಗಳಿವೆ. ‘ಪರ್’ ಎಂಬುದು ಲ್ಯಾಟಿನ್ ಮೂಲದ್ದು. ‘ಮೂಲಕ, ಇಂದ’ ಎಂದು ಅದರ ಅರ್ಥ. ‘ಹ್ಯಾಪ್’ ಎಂಬುದು ಉತ್ತರ ಯೂರೋಪಿನ ಪ್ರಾಚೀನ ನಾರ್ಸ್ ಭಾಷೆಯ ‘ಹಪ್’ ಎಂಬುದರಿಂದ ಬಂದುದು. ಅದೃಷ್ಟ, ಆಕಸ್ಮಿಕ ಎಂದು ಅದರ ಅರ್ಥ. ಎರಡೂ ಕೂಡಿ ‘ದೈವವಶಾತ್’ ಎಂಬ ಭಾವ ಹುಟ್ಟಿತು. ‘ಹ್ಯಾಪನ್’, ‘ಹ್ಯಾಪಿ’, ‘ಮಿಸ್‌ಹ್ಯಾಪ್’ ಶಬ್ದಗಳೂ ಇದೇ ಬೇರಿನವು. ಇಂಗ್ಲಿಷಿನಲ್ಲಿ ಸುಖಿಯೆಂದರೆ ಮೂಲತಃ ಅದೃಷ್ಟವಂತ. ಅದೇ ಭಾಷೆಯ ‘ಮೇಬೀ’ ಎಂಬುದು ‘ಇರಬಹುದು’ ಎಂಬ ಕ್ರಿಯಾವಾಕ್ಯವೇ ಒಂದು ಶಬ್ದವಾಗಿ ಗಟ್ಟಿಗೊಂಡ ರೂಪ.

‘ಶಾಯದ್’ ಪಾರಸಿಯಿಂದ ಬಂದ ಶಬ್ದ. ‘ಶಾಯಸ್ತನ್’ ಎಂಬ ಕ್ರಿಯೆಯ ರೂಪವಾದ ಇದಕ್ಕೆ ‘ತಕ್ಕುದು, ಆಗಬಲ್ಲುದು’ ಎಂಬುದು ಹಳೆಯ ಅರ್ಥ. ಶಕ್ತಿಯನ್ನೂ ಒಡೆತನವನ್ನೂ ಸೂಚಿಸುವ ಪ್ರಾಚೀನ ಇರಾನೀ ಧಾತುವಿನಿಂದ ಇದು ಹುಟ್ಟಿದೆ. ಅರಸನನ್ನು ಕರೆಯುವ ‘ಶಾಹ’ ಶಬ್ದವೂ ಅದೇ ಕುಟುಂಬದ್ದು. ‘ಶಾಯದ್’ ಮತ್ತು ‘ಸ್ಯಾತ್’ ಕಿವಿಗೆ ಅಕ್ಕತಂಗಿಯರಂತೆ ಕೇಳಿಸಿದರೂ ಅವುಗಳ ನಡುವೆ ರಕ್ತಸಂಬಂಧವಿಲ್ಲ. ಈ ಧ್ವನಿಸಾಮ್ಯದಿಂದ ಹಿಂದಿಯಲ್ಲಿ ಬಹಳ ಗೊಂದಲ ಉಂಟಾಯಿತು. ಅಕಲಂಕದೇವರ ಗ್ರಂಥಗಳನ್ನು ಸಂಪಾದಿಸಿದ ಪಂಡಿತ ಮಹೇಂದ್ರಕುಮಾರ ನ್ಯಾಯಾಚಾರ್ಯರು ತಮ್ಮ ‘ಜೈನದರ್ಶನ’ದಲ್ಲಿ, ‘ಸ್ಯಾತ್’ಗೆ ‘ಶಾಯದ್’ ಎಂದು ಅರ್ಥ ಹೇಳುವುದನ್ನು ಬಲವಾಗಿ ಖಂಡಿಸಿದ್ದಾರೆ.

ಕನ್ನಡದ ‘ಬಹುಶಃ’, ‘ಪ್ರಾಯಶಃ’ ಶಬ್ದಗಳ ಕಥೆ ಬೇರೆ. ಸಂಸ್ಕೃತದಲ್ಲಿ ‘ಬಹುಶಃ’ ಎಂದರೆ ಹಲವು ಬಾರಿ, ಬಹಳವಾಗಿ. ‘ಪ್ರಾಯಶಃ’ ಎಂದರೆ ಹೆಚ್ಚಿನ ಮಟ್ಟಿಗೆ. ಹೆಚ್ಚಾಗಿ ನಡೆಯುವುದು ಇನ್ನೊಮ್ಮೆಯೂ ನಡೆದೀತು ಎಂಬ ಊಹೆಯಿಂದ ಅವು ಕನ್ನಡದಲ್ಲಿ ಸಂದೇಹದ ಶಬ್ದಗಳಾದವು. ಮರಾಠಿಯ ‘ಕದಾಚಿತ್’ ಸಹ ಮೂಲದಲ್ಲಿ ‘ಯಾವುದೋ ಒಂದು ಕಾಲದಲ್ಲಿ’ ಎಂಬ ಅರ್ಥದ್ದು. ಕಾಲವನ್ನು ಹೇಳುತ್ತಿದ್ದ ಶಬ್ದವು ಕ್ರಮೇಣ ಅನುಮಾನವನ್ನು ಹೇಳತೊಡಗಿತು. ಹೀಗೆ ಜನರ ಬಾಯಲ್ಲಿ ಸವೆದು, ಖಚಿತವಾದ ಶಬ್ದಗಳೂ ಸಡಿಲವಾಗುತ್ತವೆ.

ಇನ್ನು ‘ಸ್ಯಾತ್’. ವ್ಯಾಕರಣದ ಕಣ್ಣಿಗೆ ಇದು ‘ಅಸ್’ ಧಾತುವಿನ ವಿಧಿಲಿಙ್ ರೂಪ. ‘ಇರಬಹುದು, ಇದ್ದೀತು’ ಎಂದು ಅದರ ವಾಚ್ಯಾರ್ಥ. ಸಂದೇಹದ ಆರೋಪಕ್ಕೆ ಇದೇ ಮೂಲ. ಆದರೆ ಜೈನ ನ್ಯಾಯದಲ್ಲಿ ಈ ಶಬ್ದವು ಕ್ರಿಯಾಪದವಲ್ಲ. ಕ್ರಿಯಾಪದದಂತೆ ಕಾಣುವ ನಿಪಾತ, ಅಂದರೆ ಅವ್ಯಯ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಇದನ್ನು ಸ್ಪಷ್ಟವಾಗಿ ನಿಪಾತವೆಂದೇ ಕರೆದಿದ್ದಾರೆ. ‘ಕಥಂಚಿತ್’, ಅಂದರೆ ‘ಒಂದು ಅಪೇಕ್ಷೆಯಿಂದ’ ಎಂಬುದು ಅದರ ಅರ್ಥ. ಕನ್ನಡಿಗರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ‘ಆದರೆ’ ಎಂಬುದು ‘ಆಗು’ ಧಾತುವಿನ ರೂಪವೇ. ಆದರೂ ‘ಅವನು ಬಂದನು, ಆದರೆ ಕೂಡಲಿಲ್ಲ’ ಎಂಬಲ್ಲಿ ‘ಏನಾದರೆ?’ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಅದು ಅವ್ಯಯವಾಗಿದೆ. ‘ಸ್ಯಾತ್’ ಸಹ ಹಾಗೆಯೇ. ಪ್ರಾಕೃತದಲ್ಲಿ ಇದರ ರೂಪ ‘ಸಿಯ’. ಕುಂದಕುಂದಾಚಾರ್ಯರ ‘ಪಂಚಾಸ್ತಿಕಾಯ’ದಲ್ಲಿ ಸಪ್ತಭಂಗಗಳು ಈ ಶಬ್ದದಿಂದಲೇ ಹೇಳಲ್ಪಟ್ಟಿವೆ.

ಇಷ್ಟಕ್ಕೇ ಆಚಾರ್ಯರು ನಿಲ್ಲಲಿಲ್ಲ. ‘ಸ್ಯಾತ್’ ಜೊತೆಗೆ ‘ಏವ’ ಎಂಬ ಇನ್ನೊಂದು ಅವ್ಯಯವನ್ನು ಸೇರಿಸಿದರು. ‘ಏವ’ ಎಂದರೆ ‘ನಿಶ್ಚಯವಾಗಿ’. ಕನ್ನಡದ ‘ಏ’ ಪ್ರತ್ಯಯದ ಕೆಲಸವನ್ನೇ ಅದು ಮಾಡುತ್ತದೆ. ‘ಸ್ಯಾತ್ ಅಸ್ತಿ ಏವ’ ಎಂದರೆ ‘ಈ ಅಪೇಕ್ಷೆಯಿಂದ ಇದು ಇದ್ದೇ ಇದೆ’. ಸಂಶಯವಾದಿಯು ‘ಇದ್ದೇ ಇದೆ’ ಎಂದು ಹೇಳಲಾರನು. ಅಪೇಕ್ಷೆಗಳು ನಾಲ್ಕು: ದ್ರವ್ಯ, ಕ್ಷೇತ್ರ, ಕಾಲ, ಭಾವ. ವಸ್ತುವು ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ನಿಶ್ಚಯವಾಗಿ ಇದೆ. ಪರದ ದ್ರವ್ಯಾದಿಗಳಿಂದ ನಿಶ್ಚಯವಾಗಿ ಇಲ್ಲ.

ಈ ನಾಡಿನ ಉದಾಹರಣೆಯನ್ನೇ ನೋಡಬಹುದು. ‘ಹುಮನಾಬಾದ್ ಪೂರ್ವದಲ್ಲಿದೆ’ ಎಂಬ ಮಾತು ನಿಜವೇ? ಬಸವಕಲ್ಯಾಣದಿಂದ ಹೊರಟವನಿಗೆ ಅದು ಪೂರ್ವದ ಕಡೆಗೇ ಇದೆ. ಹೈದರಾಬಾದಿನಿಂದ ಹೊರಟವನಿಗೆ ಅದು ಪಶ್ಚಿಮದ ಕಡೆಗೇ ಇದೆ. ಎರಡು ಮಾತುಗಳಲ್ಲಿಯೂ ಸಂದೇಹದ ಲೇಶವಿಲ್ಲ. ‘ಹುಮನಾಬಾದ್ ಬಹುಶಃ ಪೂರ್ವದಲ್ಲಿದೆ’ ಎಂದರೆ ಅದು ಸ್ಯಾದ್ವಾದವಲ್ಲ, ದಾರಿ ತಿಳಿಯದವನ ಮಾತು. ಹೊರಟ ಊರನ್ನು ಹೆಸರಿಸದೆ, ಪೂರ್ವವೋ ಪಶ್ಚಿಮವೋ ಎಂದು ಒಂದೇ ಶಬ್ದದಲ್ಲಿ ಹೇಳು ಎಂದು ಹಟ ಹಿಡಿದರೆ ಹೇಳಲಾಗದು. ಎರಡು ಅಪೇಕ್ಷೆಗಳನ್ನು ಏಕಕಾಲಕ್ಕೆ ಒಂದೇ ಪದದಿಂದ ನುಡಿಯಲಾಗದ ಈ ಸ್ಥಿತಿಯೇ ‘ಅವಕ್ತವ್ಯ’. ಕಾಲದ ಅಪೇಕ್ಷೆಗೂ ಇಲ್ಲಿಯೇ ದೃಷ್ಟಾಂತವಿದೆ. ‘ಬಸವಕಲ್ಯಾಣವು ಹೈದರಾಬಾದ್ ರಾಜ್ಯದ ಊರು’ ಎಂಬ ಮಾತು 1950ರ ಅಪೇಕ್ಷೆಯಿಂದ ಸತ್ಯವೇ. 1956ರ ನವೆಂಬರ್ 1ರಂದು ಆದ ರಾಜ್ಯಗಳ ಪುನರ್ವಿಂಗಡಣೆಯ ನಂತರದ ಅಪೇಕ್ಷೆಯಿಂದ ಅಸತ್ಯವೇ. ಊರು ಅದೇ, ಮಣ್ಣು ಅದೇ. ಕಾಲವನ್ನು ಹೇಳದ ಮಾತು ಮಾತ್ರ ಅಪೂರ್ಣ.

ಕಲ್ಯಾಣದ ಇತಿಹಾಸಕ್ಕೂ ಈ ಶಬ್ದಕ್ಕೂ ಹತ್ತಿರದ ನಂಟಿದೆ. ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ವಾದಿರಾಜ ಸೂರಿಗಳು 1025ರಲ್ಲಿ ‘ಪಾರ್ಶ್ವನಾಥಚರಿತ’ವನ್ನು ಪೂರ್ಣಗೊಳಿಸಿದರು, ಅಕಲಂಕದೇವರ ‘ನ್ಯಾಯವಿನಿಶ್ಚಯ’ಕ್ಕೆ ವಿಸ್ತಾರವಾದ ವಿವರಣೆಯನ್ನೂ ಬರೆದರು. ‘ಜಗದೇಕಮಲ್ಲವಾದಿ’ ಎಂಬುದರೊಂದಿಗೆ ಅವರಿಗಿದ್ದ ಇನ್ನೊಂದು ಬಿರುದು ‘ಸ್ಯಾದ್ವಾದವಿದ್ಯಾಪತಿ’. ಜಯಸಿಂಹನ ಮಗ ಒಂದನೆಯ ಸೋಮೇಶ್ವರನ ಕಾಲದಲ್ಲಿ ಕಲ್ಯಾಣವು ರಾಜಧಾನಿಯಾಗಿ ಮೆರೆಯಿತು. ಅಕಲಂಕದೇವರ ‘ಪ್ರಮಾಣಸಂಗ್ರಹ’ದ ಮಂಗಲಶ್ಲೋಕವು ಜಿನಶಾಸನಕ್ಕೆ ಸ್ಯಾದ್ವಾದವೇ ಲಾಂಛನವೆಂದು ಸಾರುತ್ತದೆ. ಕರ್ನಾಟಕದ ನೂರಾರು ಜೈನ ಶಾಸನಗಳು ಅದೇ ಶ್ಲೋಕದಿಂದ ಆರಂಭವಾಗುತ್ತವೆ. ಈ ಶಾಸನಗಳಲ್ಲಿ ಬಹುಪಾಲು ದಾನಪತ್ರಗಳು ಎಂಬುದನ್ನು ಗಮನಿಸಬೇಕು. ದಾನ ಕೊಟ್ಟವರು ಯಾರು, ಪಡೆದವರು ಯಾರು, ಯಾವ ದಿನ, ಭೂಮಿಯ ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಕೊರೆಯುವ ಮುನ್ನ ಅವರು ‘ಸ್ಯಾತ್’ ತತ್ತ್ವವನ್ನು ಸ್ಮರಿಸಿದರು. ಅದು ಅನುಮಾನದ ತತ್ತ್ವವಾಗಿದ್ದರೆ ದಾನಪತ್ರದ ನೆತ್ತಿಯ ಮೇಲೆ ಅದಕ್ಕೆ ಸ್ಥಾನವಿರುತ್ತಿರಲಿಲ್ಲ.

ಆಧುನಿಕ ವಿದ್ವಾಂಸರೂ ಈ ತತ್ತ್ವದತ್ತ ದೃಷ್ಟಿ ಹರಿಸಿದ್ದಾರೆ. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರು 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ವಿವರಿಸುತ್ತ ಸ್ಯಾದ್ವಾದವನ್ನು ಉದಾಹರಿಸಿದರು, ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಸಪ್ತಭಂಗಿಯನ್ನೇ ಕುರಿತು ಲೇಖನ ಬರೆದರು. ಇದು ಹೆಮ್ಮೆಯ ವಿಷಯ. ಆದರೂ ಸಂಭವನೀಯತೆಯ ಗಣಿತವು ‘ಎಷ್ಟರ ಮಟ್ಟಿಗೆ ನಂಬಬಹುದು’ ಎಂದು ಅಳೆಯುತ್ತದೆ; ‘ಸ್ಯಾತ್’ ಶಬ್ದವು ‘ಯಾವ ಅಪೇಕ್ಷೆಯಿಂದ ಹೇಳಲಾಗಿದೆ’ ಎಂದು ತಿಳಿಸುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸಬಾರದು.

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಸಕಲಮತ ಸಂಪ್ರದಾಯವನ್ನು ನೆಲೆಗೊಳಿಸಿ, ಎಲ್ಲ ಮತಗಳಿಗೂ ಗೌರವ ಸಲ್ಲಬೇಕೆಂದು ಬೋಧಿಸಿದರು. ಈ ಪರಿಸರದಲ್ಲಿ ಬಾಳುವ ಜೈನರು ಅನೇಕಾಂತವನ್ನೂ ಅದೇ ಮಾತಿನಿಂದ ಪರಿಚಯಿಸುವುದು ಸಹಜ. ಪರಮತ ಸಹಿಷ್ಣುತೆಯು ಅನೇಕಾಂತದ ಫಲವೆಂಬುದು ನಿಜ. ಆದರೆ ‘ಎಲ್ಲವೂ ಸರಿ’ ಎಂಬುದು ಅನೇಕಾಂತವಲ್ಲ. ಅಪೇಕ್ಷೆ ತಪ್ಪಿದರೆ ಮಾತು ತಪ್ಪೇ. ಹಿಂಸೆಯನ್ನು ಧರ್ಮವೆನ್ನಲು ಯಾವ ‘ಸ್ಯಾತ್’ ಶಬ್ದವೂ ನೆರವಾಗದು.

ಶ್ರಾವಕರ ನಿತ್ಯಜೀವನದಲ್ಲಿ ಈ ವಿಚಾರಕ್ಕೆ ಪರೀಕ್ಷೆ ಎದುರಾಗುವುದು ಸತ್ಯಾಣುವ್ರತದಲ್ಲಿ. ‘ತತ್ತ್ವಾರ್ಥಸೂತ್ರ’ವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ, ಅವುಗಳಲ್ಲಿ ಒಂದು ‘ನ್ಯಾಸಾಪಹಾರ’. ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದನ್ನು ವ್ಯಾಪಾರಿಗೆ ನಾಟುವಂತೆ ವಿವರಿಸಿದ್ದಾರೆ. ಒಬ್ಬನು ಹೊನ್ನನ್ನು ಒತ್ತೆಯಿಟ್ಟು ಹೋಗಿ, ಕಾಲಾಂತರದಲ್ಲಿ ಎಷ್ಟೆಂಬುದನ್ನು ಮರೆತು, ಕಡಿಮೆ ಲೆಕ್ಕ ಹೇಳಿ ಕೇಳುತ್ತಾನೆ. ಇರಿಸಿಕೊಂಡವನು ‘ಹಾಗೆಯೇ’ ಎಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಅವನು ಸುಳ್ಳನ್ನು ಸ್ವತಃ ಹುಟ್ಟಿಸಲಿಲ್ಲ; ಕೇಳಿದಷ್ಟನ್ನು ಕೊಟ್ಟನು. ‘ಒಂದು ಅಪೇಕ್ಷೆಯಿಂದ ನನ್ನ ಮಾತು ಸತ್ಯ’ ಎಂದು ಅವನು ವಾದಿಸಿಯಾನು. ಆಚಾರ್ಯರು ಆ ವಾದಕ್ಕೆ ಎಡೆಗೊಡದೆ ಅದನ್ನು ವ್ರತಭಂಗದ ದೋಷವೆಂದೇ ಎಣಿಸಿದರು. ಅಪೇಕ್ಷೆಯನ್ನು ಬಚ್ಚಿಟ್ಟುಕೊಂಡು ಆಡಿದ ಮಾತು ಸ್ಯಾದ್ವಾದವಲ್ಲ; ಅಪೇಕ್ಷೆಯನ್ನು ಕೇಳುವವನ ಮುಂದೆ ಬಿಚ್ಚಿಟ್ಟು ಆಡಿದ ಮಾತೇ ಸ್ಯಾದ್ವಾದ. ‘ಬಹುಶಃ’ ಎಂಬುದು ಹೇಳುವವನನ್ನು ಹೊಣೆಯಿಂದ ಬಿಡಿಸುತ್ತದೆ. ‘ಸ್ಯಾತ್’ ಎಂಬುದು ಅವನಿಗೆ ಹೊಣೆಯನ್ನು ಹೊರಿಸುತ್ತದೆ.

ಬಸದಿಗಳ ಟ್ರಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ‘ಜೀರ್ಣೋದ್ಧಾರದ ಕೆಲಸ ಬಹುಶಃ ಈ ವರ್ಷ ಮುಗಿದೀತು’ ಎಂದು ದಾನಿಗಳಿಗೆ ತಿಳಿಸುವುದು ಸುಲಭ. ‘ಕೈಯಲ್ಲಿರುವ ಹಣ ಇಷ್ಟು, ಬರಬೇಕಾದದ್ದು ಇಷ್ಟು, ಕಲ್ಲು ಮಳೆಗಾಲಕ್ಕೆ ಮುಂಚೆ ಬಂದರೆ ದೀಪಾವಳಿಯ ಹೊತ್ತಿಗೆ ಮುಗಿಸಿಯೇ ಕೊಡುತ್ತೇವೆ’ ಎನ್ನುವುದು ಕಷ್ಟ. ಎರಡನೆಯದರಲ್ಲಿ ‘ಸ್ಯಾತ್’ ಇದೆ, ‘ಏವ’ ಇದೆ. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ, ಮದುವೆಯ ಮಾತುಕತೆಯಲ್ಲಿ, ನ್ಯಾಯಾಲಯದ ಸಾಕ್ಷ್ಯದಲ್ಲಿ ಬೇಕಾದುದೂ ಇಂತಹ ಮಾತೇ: ತಿಳಿದದ್ದು ಎಷ್ಟು, ಯಾವ ಎಲ್ಲೆಯವರೆಗೆ ಎಂಬುದನ್ನು ಹೇಳಿ, ಆ ಎಲ್ಲೆಯೊಳಗೆ ಕದಲದೆ ನಿಲ್ಲುವ ಮಾತು.

ಮಕ್ಕಳು ಪಾಠಪುಸ್ತಕವನ್ನು ತೆರೆದು ‘ಸ್ಯಾದ್ವಾದವೆಂದರೆ ಬಹುಶಃ ಎಂಬ ವಾದವೇ?’ ಎಂದು ಕೇಳಿದಾಗ ಹಿರಿಯರು ಸುಮ್ಮನಿರಬಾರದು. ಹುಮನಾಬಾದ್ ಯಾವ ದಿಕ್ಕಿಗಿದೆ ಎಂದು ಅವರನ್ನೇ ಕೇಳಲಿ. ‘ಯಾವ ಊರಿನಿಂದ?’ ಎಂದು ಮಗು ಮರುಪ್ರಶ್ನೆ ಹಾಕಿದರೆ ‘ಸ್ಯಾತ್’ ಶಬ್ದದ ಅರ್ಥ ಅದಕ್ಕೆ ತಿಳಿಯಿತೆಂದೇ ಭಾವಿಸಬೇಕು.