ಹೆಸರಿಲ್ಲದ ಕಬ್ಬಿಣ

ಹೋದ ದೀಪಾವಳಿ ಮುಂದ ಅಟ್ಟ ಸ್ವಚ್ಛ ಮಾಡೂಮುಂದ ಒಂದು ಗೋಣಿಚೀಲ ಕೆಳಗ ಇಳಿಸಿದೆ. ನಮ್ಮ ಮಾವನವರ ಕುಣಿಮಗ್ಗದ ಸಾಮಾನು ಅದರಾಗ ಇತ್ತು. ಅವರು ತೀರಿಕೊಂಡ ಮ್ಯಾಲೆ ಮಗ್ಗ ಬಿಚ್ಚಿ, ಕುಣಿ ಮುಚ್ಚಿ, ಮ್ಯಾಲೆ ಫರಸಿ ಹಾಕಿಸಿದ್ವಿ. ಈಗ ಆ ಜಾಗಾದಾಗ ಫ್ರಿಜ್ ನಿಂತೈತಿ. ನಮ್ಮ ಬೆಟಗೇರಿಯೊಳಗ ಇಂಥಾ ಮನಿ ಒಂದಲ್ಲ ಎರಡಲ್ಲ, ಓಣಿಗೆ ಹತ್ತು ಸಿಗತಾವ.

ಚೀಲದಾಗ ಲಾಳಿ ಇತ್ತು, ಕಂಡಿಕಿ ಇದ್ವು. ಅವು ನನಗೂ ಗೊತ್ತು. ಉಳಿದದ್ದು ಏನೇನೋ. ತುಕ್ಕು ಹಿಡಿದ ಸಲಾಕಿ, ತೂತಿರೋ ಪಟ್ಟಿ, ತುದಿಗೆ ಸೂಜಿಯಂಥಾ ಹಲ್ಲಿರೋ ಕಟ್ಟಿಗಿ. ಮುರಿದದ್ದು ಇರಬೇಕು ಅಂದ್ಕೊಂಡೆ. ಮೋಡಕಾದಂವ ಬಂದಾಗ ಕೈಗೆ ಸಿಕ್ಕಷ್ಟು ತೂಕಕ್ಕ ಹಾಕಿದೆ. ಅಷ್ಟರಾಗ ನಮ್ಮ ಓಣಿಯ ಮಿಲಿಟರಿ ಕಾಕಾ ಬಂದು, "ಏನವಾ ತಂಗಿ, ಏನು ಅಂತ ಗೊತ್ತಿಲ್ಲದ್ದನ್ನ ಹೆಂಗ ಮಾರತಿ?" ಅಂದ್ರು. ಉಳಿದದ್ದು ಉಳೀತು.

ಈ ಕಾಕಾ ಸೈನ್ಯದ ವರ್ಕ್‌ಶಾಪಿನೊಳಗ ಟ್ಯಾಂಕ್ ರಿಪೇರಿ ಮಾಡಿದವರು. ಟ್ಯಾಂಕ್ ಅಂದ್ರ ನೀರಿನ ಟಾಕಿ ಅಲ್ಲ, ಯುದ್ಧದ್ದು. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ಮುಂದ ಒಂದು ಟಿ-55 ಟ್ಯಾಂಕ್ ನಿಲ್ಲಿಸ್ಯಾರಲ್ಲ, ಅಂಥಾದ್ದು. 36 ಟನ್ ಕಬ್ಬಿಣ, ಒಳಗ ನಾಲ್ಕು ಮಂದಿ. ಹಳೇ ಟ್ಯಾಂಕ್ ಬಿಚ್ಚಿ ಮತ್ತ ಜೋಡಿಸೂಮುಂದ ಕಡೀಕ ಒಂದು ಡಬ್ಬಿ ತುಂಬ ಯಾವುದು ಎಲ್ಲಿಯದು ಅಂತ ತಿಳೀಲಾರದ ಸಾಮಾನು ಉಳೀತಾವಂತ. ಅವನ್ನ ಗುರುತು ಹಿಡಿಯೋದು ಹೆಂಗ ಅಂತ ಕೇಳಿದೆ. ಚಾ ಕುಡಕೋತ ಹೇಳಿದ್ರು:

"ಮೊದಲು ತಿಕ್ಕಬ್ಯಾಡ. ತಿಕ್ಕಿದ್ರ ಅಚ್ಚೊತ್ತಿದ ನಂಬರು, ಹಳೇ ಬಣ್ಣ ಎಲ್ಲಾ ಹೋಗತೈತಿ. ಎರಡನೇದು, ಎಲ್ಲಿ ಸವದೈತಿ ನೋಡು. ಸವದ ಕಡೆ ಅದು ಇನ್ನೊಂದಕ್ಕ ಹತ್ತಿ ಕೆಲಸ ಮಾಡಿರತೈತಿ. ಮೂರನೇದು, ತೂತು ನೋಡು. ತೂತಿದ್ದಲ್ಲಿ ಏನೋ ಒಳಗ ಹೋಗಬೇಕು, ಇಲ್ಲಾ ಹೊರಗ ಬರಬೇಕು. ನಾಲ್ಕನೇದು, ಅದರ ಜೋಡಿ ಹುಡುಕು. ಇಷ್ಟರ ಮ್ಯಾಲೂ ತಿಳೀಲಿಲ್ಲಂದ್ರ, ಅದರ ಜೋಡಿ ಕೆಲಸ ಮಾಡಿದವರನ್ನ ಕೇಳು."

ನಾನು ಅಷ್ಟರಾಗ ಎರಡು ಪಟ್ಟಿ ನಾರು ಹಚ್ಚಿ ತಿಕ್ಕಿ ತೊಳದು ಬಿಸಲಿಗೆ ಇಟ್ಟಿದ್ದೆ. ಬಾಯಿ ಮುಚ್ಚಿಕೊಂಡು ಕುಂತೆ.

ಆ ಮಾತು ಕೇಳಿದ ಕೂಡ್ಲೆ ನನಗ ಶಿವಮೊಗ್ಗಾದ ಮ್ಯೂಸಿಯಂ ನೆನಪಾತು. ನಮ್ಮ ತಂಗಿ ಮಗಳು ಅಲ್ಲಿ ಇರತಾಳ. ಒಮ್ಮೆ ಹೋದಾಗ ಶಿವಪ್ಪ ನಾಯಕನ ಅರಮನಿಗೆ ಕರಕೊಂಡು ಹೋಗಿದ್ಲು. ಅಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವಿ ತೋರಿಸಿ, "ದೊಡ್ಡವ್ವ, ಇವು ಟಿಪ್ಪುನ ಕಾಲದ ರಾಕೆಟ್" ಅಂದ್ಲು. ನಮ್ಮ ಮನ್ಯಾಗಿನ ಊದುಗೊಳವಿ ಗಿಡ್ಡ ಮಾಡಿ, ದಪ್ಪ ಮಾಡಿದಂಗ ಇದ್ವು. ಆಮ್ಯಾಲೆ ಅವುಗಳ ಕಥಿ ಓದಿದೆ.

ಶಿವಮೊಗ್ಗಾ ಜಿಲ್ಲೆ ಹೊಸನಗರ ತಾಲ್ಲೂಕಿನ್ಯಾಗ ನಗರ ಅಂತ ಊರೈತಿ. ಕೆಳದಿ ಅರಸರ ರಾಜಧಾನಿ ಬಿದನೂರು ಅಂದ್ರ ಇದ. 1763ರಾಗ ಹೈದರಾಲಿ ಗೆದ್ದು ಹೈದರನಗರ ಅಂತ ಹೆಸರಿಟ್ಟ. ಅಲ್ಲಿ ಒಂದು ಹಳೇ ಬಾವಿ ಹೂಳು ತೆಗೆಯೂಮುಂದ 2002ರಾಗ ನೂರಕ್ಕೂ ಹೆಚ್ಚು ಇಂಥಾ ಕೊಳವಿ ಸಿಕ್ವು. ಎಲ್ಲಾರೂ ತೋಪಿನ ಗುಂಡು ಅಂತ ತಿಳಕೊಂಡ್ರು. ಹಂಗ ಅನಿಸಿಕೊಂಡ ಹಲವು ವರ್ಷ ಮ್ಯೂಸಿಯಂನೊಳಗ ಇದ್ವು. ಆಮ್ಯಾಲೆ ಬಲ್ಲವರು ಕೂತು ನೋಡಿದಾಗ ಇವು ಗುಂಡಲ್ಲ, ರಾಕೆಟ್ ಅಂತ ತಿಳೀತು. 2018ರ ಜುಲೈದಾಗ ಪುರಾತತ್ವ ಇಲಾಖೆಯವರು ಅಲ್ಲೇ ಮತ್ತ ಅಗದ್ರು. ಮಣ್ಣಿಗೆ ಮದ್ದಿನ ವಾಸನಿ ಬರಾಕ ಹತ್ತಿತಂತ. ಕೆಳಗ ಸಾವಿರಕ್ಕೂ ಹೆಚ್ಚು ರಾಕೆಟ್ ಇದ್ವು. ಉದ್ದ 23ರಿಂದ 26 ಸೆಂಟಿಮೀಟರ್, ಅಂದ್ರ ಸುಮಾರು ಒಂದು ಗೇಣು.

ಗುಂಡಿಗೂ ರಾಕೆಟ್ಟಿಗೂ ಏನು ಫರಕು? ಕಾಕಾ ಹೇಳಿದ ತೂತು. ಗುಂಡನ್ನ ತೋಪು ಒಗೀತೈತಿ. ರಾಕೆಟ್ ತನ್ನಷ್ಟಕ್ಕ ತಾನ ಹಾರತೈತಿ. ಅದರ ಒಂದು ತುದಿ ಮುಚ್ಚಿರತೈತಿ, ಇನ್ನೊಂದು ತುದಿಗೆ ಬೆಂಕಿ ಹೊರಗ ಬರಾಕ ಬಾಯಿ ಇರತೈತಿ. ಒಳಗ ಪೆಟ್ಲುಪ್ಪು, ಇದ್ದಲಿ ಕೂಡಿಸಿದ ಮದ್ದು. ದೀಪಾವಳಿಗೆ ಹುಡುಗರು ಹಚ್ಚೋ ರಾಕೆಟ್ ಹಂಗ.

ಇನ್ನ ಜೋಡಿ. ಶ್ರೀರಂಗಪಟ್ಟಣ 1799ರ ಮೇ 4ಕ್ಕ ಬಿತ್ತಲ್ಲ, ಆಮ್ಯಾಲೆ ಇಂಗ್ಲಿಷರು ಮೈಸೂರಿನ ರಾಕೆಟ್ ತಮ್ಮ ದೇಶಕ್ಕ ಒಯ್ದ್ರು. ಲಂಡನ್ನಿನ ವುಲಿಚ್ ಮ್ಯೂಸಿಯಂನಾಗ ಇದ್ದ ಎರಡು ರಾಕೆಟ್ ಬಗ್ಗೆ ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಾಗ ಬರದಾರ. ಒಂದರ ಕೊಳವಿ ಹತ್ತು ಇಂಚು ಉದ್ದ. ನಗರದ ಬಾವಿಯದ್ದೂ ಹೆಚ್ಚುಕಡಿಮಿ ಅಷ್ಟ. ಆದ್ರ ವುಲಿಚ್‌ದಾಗ ಕೊಳವಿ ಒಂದ ಇರಲಿಲ್ಲ. ಒಂದಕ್ಕ ಕತ್ತಿ, ಇನ್ನೊಂದಕ್ಕ ಉದ್ದನ್ನ ಬಿದಿರು ತೊಗಲಿನ ಪಟ್ಟಿಲೆ ಕಟ್ಟಿತ್ತು. ಆ ಬಾಲ ಇದ್ರ ರಾಕೆಟ್ ನೆಟ್ಟಗ ಹೋಗತೈತಿ. ಬಾವಿಯಾಗ ಸಿಕ್ಕಿದ್ದು ಬರೇ ಕೊಳವಿ. ಬಿದಿರಿನ ಜೋಡಿ ಕಂಡಿದ್ರ ಗುಂಡು ಅಂತ ಯಾರೂ ಅಂತಿರಲಿಲ್ಲ. ಜೋಡಿ ತಪ್ಪಿದ ಸಾಮಾನು ತನ್ನ ಹೆಸರೂ ಕಳಕೊಳ್ಳತೈತಿ ನೋಡ್ರಿ.

ಆ ಕೊಳವಿ ಏನು ಸಣ್ಣ ಸಾಮಾನಲ್ಲ. ಆಗ ಯುರೋಪಿನ್ಯಾಗ ರಾಕೆಟ್ಟಿಗೆ ಕಾಗದ, ರಟ್ಟಿನ ಕೊಳವಿ ಇರತಿದ್ವು. ಮದ್ದು ಗಿಡದು ತುಂಬಿದ್ರ ಒಡೀತಿದ್ವು. ಕಬ್ಬಿಣ ತಡಕೊಳ್ಳತೈತಿ, ಹಿಂಗಾಗಿ ಮೈಸೂರಿನದು ಒಂದು ಮೈಲಿಗೂ ಹೆಚ್ಚು ದೂರ ಹೋಗತಿತ್ತು. 1780ರಾಗ ಪೊಳ್ಳಿಲೂರಿನ ಯುದ್ಧದಾಗ ಇಂಗ್ಲಿಷರಿಗೆ ಇದರ ರುಚಿ ಹತ್ತಿತು. ಮುಂದ ವಿಲಿಯಂ ಕಾಂಗ್ರೀವ್ ಅನ್ನಾಂವ ಇವನ್ನ ನೋಡಿ ತನ್ನ ರಾಕೆಟ್ ಮಾಡಿದ. ಅವನ್ನ 1807ರಾಗ ಕೋಪನ್‌ಹೇಗನ್ ಮ್ಯಾಲೆ, 1814ರಾಗ ಅಮೆರಿಕಾದ ಬಾಲ್ಟಿಮೋರ್ ಮ್ಯಾಲೆ ಬಿಟ್ರು. ಇಷ್ಟೆಲ್ಲಾ ಕಥಿ ಇರೋ ಕಬ್ಬಿಣ, ಬಾವಿಯಿಂದ ಮ್ಯಾಲೆ ಬಂದ ದಿನ ಯಾರರ ಮೋಡಕಾಕ್ಕ ಹಾಕಿದ್ರ? ಹೆಸರು ಗೊತ್ತಿಲ್ಲದಿದ್ರೂ ಒಳಗ ಒಯ್ದು ಇಟ್ರಲ್ಲ, ಅದ ದೊಡ್ಡದು.

ನಾನು ಇಡಲಿಲ್ಲ.

ಕಾಕಾನ ಕಡೀ ಮಾತಿನಂಗ, ಉಳಿದ ಸಾಮಾನು ಒಂದು ಮರದಾಗ ಹಾಕ್ಕೊಂಡು ನಮ್ಮತ್ತಿ ಮುಂದ ಕುಂತೆ. ಅವರಿಗೆ ಎಂಬತ್ತು ದಾಟೇತಿ, ಕಣ್ಣು ಮಂಜು. ಮೂವತ್ತು ವರ್ಷ ಒಂದ ಮನ್ಯಾಗ ಇದ್ದೂ ಈ ಚೀಲದ ಬಗ್ಗೆ ಅವರನ್ನ ಕೇಳಬೇಕು ಅಂತ ನನಗ ಹೊಳದಿರಲಿಲ್ಲ. ಹಲ್ಲಿನ ಕಟ್ಟಿಗಿ ಕೈಗೆ ಕೊಟ್ಟೆ. ಬಳ್ಳಿನಿಂದ ಮೆಲ್ಲಕ ಆ ಸೂಜಿ ಮುಟ್ಟಿ ನೋಡಿ, "ಇದರ ಜೋಡಿ ಎಲ್ಲೈತವಾ?" ಅಂದ್ರು.

ನನಗ ಎದಿ ಧಸಕ್ ಅಂತು. ಇಂಥಾದ್ದ ಇನ್ನೊಂದನ್ನ ನಾನು ಮೋಡಕಾದಂವನ ತಕ್ಕಡ್ಯಾಗ ಹಾಕಿದ್ದೆ.

ಅವರು ಹೇಳಿದ್ದು ಹಿಂಗ. ನೇಯೂಮುಂದ ಅರಿವಿ ಅಗಲ ಕುಗ್ಗತೈತಿ. ಹಂಗ ಬಿಟ್ರ ಸೀರಿ ಅಂಚು ಸೊಟ್ಟ ಆಗತಾವ. ಅದಕ್ಕ ಇಂಥಾ ಎರಡು ಕೋಲು ನಡುವ ಹಗ್ಗದಿಂದ ಕಟ್ಟಿ, ಹಲ್ಲು ಎರಡೂ ಅಂಚಿಗೆ ಚುಚ್ಚಿ ಹಿಗ್ಗಿಸಿ ಹಿಡೀತಿದ್ರು. ನೇಯ್ಗಿ ಮುಂದ ಹೋದಂಗ ಅದನ್ನೂ ಸರಿಸಬೇಕು. "ನಿಮ್ಮ ಮಾವ ಕುಣಿಯಾಗ ಕುಂತು ಕೂಗತಿದ್ರು, ನಾ ಬಂದು ಅಂಚು ನೋಡತಿದ್ದೆ" ಅಂದ್ರು. ಆಮ್ಯಾಲೆ ಸುಮ್ಮನ ಆ ಕೋಲು ಸವರಕೋತ ಕುಂತ್ರು. ನಾನು ಮಾರಿದ ಸುದ್ದಿ ಹೇಳಿದೆ. "ಹೋಗಲಿ ಬಿಡವಾ" ಅಂದ್ರು. ಬೈದಿದ್ರ ಚಲೋ ಇತ್ತು.

ಮರುದಿನ ಮೋಡಕಾ ಅಂಗಡಿಗೆ ಹೋದೆ. ಸಾಮಾನು ಲಾರಿ ಹತ್ತಿ ಹೋಗಿತ್ತು.

ಈಗ ದಿನಾ ಮಧ್ಯಾಹ್ನ ಒಂದೊಂದು ಸಾಮಾನು ಅತ್ತಿ ಕೈಗೆ ಕೊಡತೀನಿ. ಅವರು ಹೇಳಿದ್ದನ್ನ ಅವರ ಮಾತಿನ್ಯಾಗ ಬರದು, ಬಿಳೇ ಅರಿವಿ ತುಣುಕಿನ ಮ್ಯಾಲೆ ಹೆಸರು ಹಾಕಿ ಅದಕ್ಕ ಕಟ್ಟತೀನಿ. ಹನ್ನೊಂದಕ್ಕ ಹೆಸರು ಸಿಕ್ಕಾವ. ನಾನು ತಿಕ್ಕಿದ ಎರಡು ಪಟ್ಟಿ ಮಾತ್ರ ಅವರಿಗೂ ತಿಳೀವಲ್ದು. ಓಣಿ ತುದಿಗೆ ಒಬ್ಬ ಅಜ್ಜ ಇನ್ನೂ ಮಗ್ಗ ಹೂಡತಾರ, ಸೋಮವಾರ ಅಲ್ಲಿಗೆ ಒಯ್ಯಬೇಕು.

ನಿಮ್ಮ ಅಟ್ಟದ ಮ್ಯಾಲೂ ಇಂಥಾ ಚೀಲ ಇರಬಹುದು. ತಕ್ಕಡಿಗೆ ಹಾಕೂಕಿಂತ ಮೊದಲು ಮನಿ ಹಿರ್ಯಾರ ಕೈಗೆ ಒಮ್ಮೆ ಕೊಟ್ಟು ನೋಡ್ರಿ.