ಕುದುರೆ ಸವಾರನ ಪಿಸ್ತೂಲು

ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲನ್ನು ಅಮೆರಿಕದ ಸೇನೆ ಒಪ್ಪಿಕೊಂಡದ್ದು 1911ರ ಮಾರ್ಚ್‌ನಲ್ಲಿ. ಆ ಇಸವಿಯೇ ಅದರ ಹೆಸರಾಯಿತು. ಫಿಲಿಪ್ಪೀನ್ಸ್‌ನ ಮೋರೋ ಹೋರಾಟಗಾರರೆದುರು .38 ರಿವಾಲ್ವರ್ ಸಾಲದೆಂಬ ದೂರು ಎದ್ದಮೇಲೆ ಸೇನೆ .45ರ ದಪ್ಪ ಗುಂಡನ್ನೇ ಬೇಡಿತ್ತು. (ಇದು ವಸಾಹತು ಯುದ್ಧವೊಂದರ ಕೂಸೆಂಬುದನ್ನು ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ.) ಹೆಬ್ಬೆರಳಿಗೆ ಸಿಗುವ ಸೇಫ್ಟಿ ಲಿವರ್ ಅಶ್ವದಳದ ಬೇಡಿಕೆ: ಒಂದು ಕೈ ಲಗಾಮಿನಲ್ಲಿದ್ದಾಗ ಸವಾರ ಇನ್ನೊಂದೇ ಕೈಯಲ್ಲಿ ಪಿಸ್ತೂಲನ್ನು ಸುರಕ್ಷಿತಗೊಳಿಸಬೇಕಿತ್ತು.

ಇದು ಇಂದಿನವರ ಕೈಗೆ ಹೊಂದೀತೇ ಎಂಬ ಪ್ರಶ್ನೆ ಹೊಸದೇನಲ್ಲ. 1920ರ ದಶಕದಲ್ಲೇ, ಸಣ್ಣ ಕೈಯವರಿಗೂ ಎಟುಕಲೆಂದು ಟ್ರಿಗರನ್ನು ಗಿಡ್ಡ ಮಾಡಿದ್ದರು. 1985ರಲ್ಲಿ ಸೇನೆ 15 ಗುಂಡು ಹಿಡಿಯುವ ಬೆರೆಟ್ಟಾವನ್ನು ಆರಿಸಿಕೊಂಡಿತು. ಏಳೇ ಗುಂಡಿನ, ಖಾಲಿಯಿದ್ದರೂ ಕಿಲೋ ಮೀರುವ ಹಳೆಯದು ಸೈನಿಕನ ಸೊಂಟಕ್ಕೆ ಹೊರೆಯೇ ಸರಿ.

ಗುರಿಸ್ಪರ್ಧೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಆ ತೂಕವೇ ಒದೆತವನ್ನು ನುಂಗುತ್ತದೆ. ಹೆಚ್ಚಿನ ಪಿಸ್ತೂಲುಗಳಲ್ಲಿ ಟ್ರಿಗರ್ ಒಂದು ಪಿನ್ನಿನ ಸುತ್ತ ತಿರುಗುತ್ತದೆ. ಇದರಲ್ಲಿ ನೇರ ಹಿಂದಕ್ಕೆ ಜಾರುತ್ತದೆ, ಬೆರಳಿಗೆ ಅದರ ಹದ ಸ್ಪಷ್ಟವಾಗಿ ತಿಳಿಯುತ್ತದೆ. ಹಾಗಾಗಿ ಇದನ್ನು ಬರೀ ಹಳೆಯದರ ಮೋಹ ಎನ್ನಲಾರೆ. ಸವಾರನಿಗೆಂದು ಇಟ್ಟ ಆ ಲಿವರಿನ ಮೇಲೆಯೇ ಇಂದಿನ ಎಷ್ಟೋ ಸ್ಪರ್ಧಿಗಳು ಹೆಬ್ಬೆರಳೂರಿ ಗುರಿ ಹಿಡಿಯುತ್ತಾರೆ.