ಕಾಪು ದೀಪಸ್ತಂಭ: ಮಳೆಗಾಲಕ್ಕೆ ಮುನ್ನ ಒಂದು ಭೇಟಿ

ಉಡುಪಿ ಜಿಲ್ಲೆಯ ಕಾಪು ಕಡಲತೀರದಲ್ಲಿ, ಹೆಬ್ಬಂಡೆಯ ಮೇಲೆ ಕಪ್ಪು-ಬಿಳಿ ಪಟ್ಟೆಗಳ ದೀಪಸ್ತಂಭವೊಂದು ನಿಂತಿದೆ. ಶತಮಾನ ದಾಟಿದರೂ ಅದು ಸ್ಮಾರಕವಾಗಿ ಉಳಿದಿಲ್ಲ. ಇಂದಿಗೂ ಪ್ರತಿರಾತ್ರಿ ಉರಿಯುತ್ತದೆ.

ಇತಿಹಾಸ

ಈ ಪ್ರದೇಶವು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗ, 1901ರಲ್ಲಿ ದೀಪಸ್ತಂಭವು ನಿರ್ಮಾಣಗೊಂಡಿತು. ಇದರ ಎತ್ತರ ಸುಮಾರು 27 ಮೀಟರ್. ತೀರದ ಸಮೀಪ ನೀರಿನಲ್ಲಿ ಅಡಗಿರುವ ಬಂಡೆಗಳಿಂದ ಹಡಗುಗಳನ್ನು ಎಚ್ಚರಿಸುವುದೇ ಇದರ ಉದ್ದೇಶ. ಮೊದಲು ಎಣ್ಣೆಯಿಂದ ಉರಿಯುತ್ತಿದ್ದ ದೀಪಕ್ಕೆ ಮುಂದೆ ವಿದ್ಯುತ್ ಬಂದಿತು. ರಾತ್ರಿ ಬೆಳಕು ಗುರುತಾದರೆ, ಹಗಲಿನಲ್ಲಿ ಗೋಪುರದ ಪಟ್ಟೆಗಳೇ ನಾವಿಕರಿಗೆ ಗುರುತು.

ಎತ್ತರದ ಮಹತ್ವ

ಮರಳಿನ ಮೇಲೆ ನಿಂತವರಿಗೆ ಕ್ಷಿತಿಜವು 5 ಕಿ.ಮೀ.ಗಿಂತ ಕಡಿಮೆ ದೂರದಲ್ಲಿರುತ್ತದೆ. 27 ಮೀಟರ್ ಎತ್ತರದಿಂದ ಅದು ಸುಮಾರು 18 ಕಿ.ಮೀ.ಗೆ ಸರಿಯುತ್ತದೆ. ಬಂಡೆಯ ಎತ್ತರವೂ ಸೇರುವುದರಿಂದ ಬೆಳಕು ಇನ್ನೂ ದೂರದಿಂದ ಕಾಣುತ್ತದೆ.

ಬೇಸಿಗೆಯ ಕೊನೆಯಲ್ಲಿ

ಮೇ ತಿಂಗಳ ಕೊನೆಯ ದಿನಗಳಲ್ಲಿ ಸ್ತಂಭವನ್ನೇರಿದವರಿಗೆ ಋತು ಬದಲಾಗುವುದು ಕಣ್ಣಿಗೆ ಕಟ್ಟುತ್ತದೆ. ಒಂದೆಡೆ ತೆಂಗಿನ ತೋಟಗಳ ಹಸಿರು, ಇನ್ನೊಂದೆಡೆ ಮೋಡ ಕವಿಯುವ ಪಡುಗಡಲು. ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೊಡ್ಡ ದೋಣಿಗಳು ಬಂದರು ಸೇರುತ್ತವೆ. ಆದರೆ ಮಳೆಗಾಲದಲ್ಲೂ ಕಡಲಿಗಿಳಿಯುವ ನಾಡದೋಣಿಗಳಿಗೆ, ದೂರದಲ್ಲಿ ಸಾಗುವ ಹಡಗುಗಳಿಗೆ ದೀಪವು ಬೇಕೇಬೇಕು. ಉಪಗ್ರಹ ಆಧಾರಿತ ಸಾಧನ ಕೈಕೊಟ್ಟಾಗ ಬರಿಗಣ್ಣಿಗೆ ಕಾಣುವ ಗುರುತಾಗಿ ಇದು ನೆರವಾಗುತ್ತದೆ.

ಎಚ್ಚರಿಕೆ

ಹಡಗುಗಳಿಗೆ ಅಪಾಯವೆನಿಸಿದ ಬಂಡೆಗಳು ಪ್ರವಾಸಿಗರಿಗೂ ಅಪಾಯಕಾರಿ. ಮುಂಗಾರು ಸಮೀಪಿಸಿದಂತೆ ಅಲೆಗಳು ಹಠಾತ್ತನೆ ಏರುತ್ತವೆ. ಪಾಚಿಗಟ್ಟಿದ ಕಲ್ಲು ಜಾರುತ್ತದೆ. ಛಾಯಾಚಿತ್ರಕ್ಕಾಗಿ ಬಂಡೆಯ ಅಂಚಿಗೆ ಹೋಗುವುದು, ಈ ದಿನಗಳಲ್ಲಿ ನೀರಿಗಿಳಿಯುವುದು ಸಲ್ಲದು. ಜೀವರಕ್ಷಕರ ಸೂಚನೆಯನ್ನು ಪಾಲಿಸಬೇಕು.

ತಲುಪುವುದು ಹೇಗೆ?

ಕಾಪು ಪೇಟೆಯು ಮಂಗಳೂರು-ಉಡುಪಿ ನಡುವಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿದೆ. ಉಡುಪಿಯಿಂದ ದೂರ ಸುಮಾರು 13 ಕಿ.ಮೀ.; ಬಸ್ ಸೌಕರ್ಯವಿದೆ. ಕಡಲತೀರವು ಪೇಟೆಯ ಪಶ್ಚಿಮಕ್ಕಿದೆ. ಸ್ತಂಭವನ್ನೇರಲು ಸಾಮಾನ್ಯವಾಗಿ ಸಂಜೆ ನಿಗದಿತ ಅವಧಿಯಲ್ಲಿ ಮಾತ್ರ ಅವಕಾಶವಿರುತ್ತದೆ. ಹವಾಮಾನಕ್ಕನುಗುಣವಾಗಿ ಇದು ಬದಲಾಗಬಹುದಾದ್ದರಿಂದ ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳಿತು. ಒಳಗಿನ ಮೆಟ್ಟಿಲುಗಳು ಇಕ್ಕಟ್ಟಾಗಿರುವುದರಿಂದ ಮಕ್ಕಳು ಹಾಗೂ ಹಿರಿಯರನ್ನು ಕರೆದೊಯ್ಯುವವರು ನಿಧಾನವಾಗಿ ಹತ್ತಿಳಿಯಬೇಕು.